ಕಾರವಾರದ ಮನೆತನಗಳ ಮೂಲ: ಊರು ಬಿಟ್ಟ ದಾಖಲೆಗಳ ಹಿನ್ನೆಲೆ

ಕೋಡಿಬಾಗ, ಹಬ್ಬುವಾಡ, ಬಾಡ ಮೊದಲಾದ ಕೇರಿಗಳಲ್ಲಿ ಮನೆತನದ ಮೂಲವನ್ನು ಹುಡುಕುವವರು ಸಾಮಾನ್ಯವಾಗಿ ಪಹಣಿ ಮತ್ತು ಸಿಟಿ ಸರ್ವೆ ಉತಾರಗಳಿಂದ ಆರಂಭಿಸಿ, ಮೂರು ನಾಲ್ಕು ತಲೆಮಾರು ಹಿಂದಕ್ಕೆ ಹೋಗುವಷ್ಟರಲ್ಲಿ ದಾರಿ ಕಾಣದೆ ನಿಂತುಬಿಡುತ್ತಾರೆ. ಕರಾವಳಿಯ ಮಳೆ ಮತ್ತು ಗೆದ್ದಲನ್ನು ದೂರುವುದು ವಾಡಿಕೆ. ಆದರೆ ಅವುಗಳಿಗಿಂತ ದೊಡ್ಡ ಕಾರಣವೆಂದರೆ ಈ ಜಿಲ್ಲೆ ಮತ್ತೆ ಮತ್ತೆ ಕೈ ಬದಲಿಸಿದ್ದು.

1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ (ಇಂದಿನ ಕರ್ನಾಟಕ ಕರಾವಳಿಯ) ಸೀಮೆ ಬ್ರಿಟಿಷರ ಮದ್ರಾಸ್ ಆಡಳಿತಕ್ಕೆ ಸೇರಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರನಾದ. ಮುಂದೆ ಧಾರವಾಡ ಸೀಮೆಯ ಹತ್ತಿಯನ್ನು ಹಡಗೇರಿಸಲು ಕಾರವಾರದ ಪಕ್ಕದ ಸದಾಶಿವಗಡದ ಬಳಿ ಬಂದರು ಬೇಕೆಂದು ಮ್ಯಾಂಚೆಸ್ಟರಿನ ಗಿರಣಿ ಹಿತಾಸಕ್ತಿಗಳು ಒತ್ತಾಯಿಸಿದವು. ಮದ್ರಾಸ್ ಸರ್ಕಾರ ಉತ್ಸಾಹ ತೋರಲಿಲ್ಲ. 1862ರಲ್ಲಿ ಉತ್ತರ ಕೆನರಾವನ್ನು (ಇಂದಿನ ಉತ್ತರ ಕನ್ನಡ ಜಿಲ್ಲೆಯನ್ನು) ಮುಂಬೈ ಪ್ರಾಂತ್ಯಕ್ಕೆ ವರ್ಗಾಯಿಸಿದ್ದರ ಹಿಂದೆ ಈ ಒತ್ತಡವೇ ಮುಖ್ಯವಾಗಿತ್ತು. ಇಂದಿನ ಕಾರವಾರ ಪಟ್ಟಣ ಜಿಲ್ಲಾ ಕೇಂದ್ರವಾಗಿ ಬೆಳೆದದ್ದು ಆ ಬಳಿಕ. ಅದಕ್ಕೆ ಮೊದಲಿನ ವ್ಯಾಪಾರದ ನೆಲೆ ಕಾಳಿ ನದಿಯ ದಂಡೆಯ ಕಡವಾಡವಾಗಿತ್ತು. ನಿರೀಕ್ಷಿಸಿದ ರೈಲು ಮಾತ್ರ ಕಾರವಾರಕ್ಕೆ ಬರದೆ ಗೋವಾದ ಮುರಗಾಂವ್ ಬಂದರಿಗೆ ಹೋಯಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು.

ಈ ಬದಲಾವಣೆಗಳ ಪರಿಣಾಮವಾಗಿ, 1862ಕ್ಕಿಂತ ಹಿಂದಿನ ಕಂದಾಯ ಪತ್ರವ್ಯವಹಾರವನ್ನು ಚೆನ್ನೈನ ಪತ್ರಾಗಾರದಲ್ಲಿಯೂ ಆನಂತರದ್ದನ್ನು ಮುಂಬೈಯಲ್ಲಿಯೂ ಹುಡುಕಬೇಕಾಗುತ್ತದೆ. ಶಿರಸಿ ಬಳಿಯ ಸೋದೆಯಿಂದ ಆಳಿದ ಅರಸರ ಕಾಲಕ್ಕೆ ಸಂಬಂಧಿಸಿದ್ದಾದರೆ ಪಣಜಿಗೂ ಹೋಗಬೇಕು. ಹೈದರಾಲಿ ಸೋದೆಯನ್ನು ಗೆದ್ದಾಗ ಅಲ್ಲಿಯ ಅರಸ ಪೋರ್ಚುಗೀಸರ ಆಶ್ರಯ ಪಡೆದಿದ್ದ. ನೆರೆಯ ರಾಜರೊಡನೆ ಪೋರ್ಚುಗೀಸರು ನಡೆಸಿದ ಪತ್ರವ್ಯವಹಾರದ ಸಂಪುಟಗಳು ಗೋವಾ ಪತ್ರಾಗಾರದಲ್ಲಿವೆ. ಹಳೆಯ ವ್ಯಾಪಾರಿ ಮನೆಗಳ ಲೆಕ್ಕಪುಸ್ತಕಗಳು ಮೋಡಿ ಲಿಪಿಯಲ್ಲಿದ್ದರೆ (ಮರಾಠಿಯ ಹಳೆಯ ಕೂಡುಬರಹ) ಓದಿಸಲು ಬಲ್ಲವರನ್ನು ಹುಡುಕುವುದೇ ಇನ್ನೊಂದು ಕೆಲಸ.

ಗೋವಾ ಮೂಲದ ಸಾರಸ್ವತ ಕುಟುಂಬಗಳಿಗೆ ಕುಲದೇವರೇ ಮೊದಲ ಸುಳಿವು. ಇಲ್ಲೊಂದು ಎಚ್ಚರಿಕೆ ಅಗತ್ಯ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಭಯದಿಂದ ದೇವರನ್ನೇ ಹೊಳೆ ದಾಟಿಸಿ ಪೋಂಡಾ ಸೀಮೆಯಲ್ಲಿ ಪ್ರತಿಷ್ಠಾಪಿಸಿದ್ದರಿಂದ, ಇಂದು ದೇವಸ್ಥಾನವಿರುವ ಊರು ಪೂರ್ವಜರ ಊರೆಂದು ತಿಳಿಯುವಂತಿಲ್ಲ. ಕವಳೆಯ ಶಾಂತಾದುರ್ಗೆಯ ಮೂಲಸ್ಥಾನ ಕೇಳೋಶಿ, ಮಾರ್ದೋಳದ ಮಹಾಲಸೆಯದು ವೆರ್ಣೆ. ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ಜ್ಞಾನಸ್ನಾನದ ಪುಸ್ತಕಗಳು ನೆರವಾಗುತ್ತವೆಯಾದರೂ, 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಚರ್ಚುಗಳನ್ನು ಕೆಡವಿಸಿದ್ದರಿಂದ ಅದಕ್ಕೂ ಹಿಂದಿನವು ಸಿಗುವುದು ಅಪರೂಪ.

ಇಷ್ಟೆಲ್ಲ ಹೇಳಿದರೂ ಇವು ಬಹುಮಟ್ಟಿಗೆ ಭೂಮಿ, ಅಂಗಡಿ ಅಥವಾ ಅಕ್ಷರ ಇದ್ದವರ ದಾಖಲೆಗಳೇ. ಹಾಲಕ್ಕಿ ಒಕ್ಕಲಿಗ ಸಮುದಾಯದವರು ಮತ್ತು ಇತರ ಗೇಣಿದಾರರು ತಲೆಮಾರುಗಳಿಂದ ಉಳುತ್ತಿದ್ದ ಗದ್ದೆಯ ಕಾಗದದಲ್ಲಿ ಒಡೆಯನ ಹೆಸರು ಇರುತ್ತಿತ್ತೇ ಹೊರತು ಉಳುವವನದು ಎಷ್ಟೋ ಸಲ ಇರುತ್ತಿರಲಿಲ್ಲ. ಬಾಯಿಮಾತಿನ ಗೇಣಿಗೆ ಚೀಟಿಯೂ ಇರುತ್ತಿರಲಿಲ್ಲ. ಈ ಸ್ಥಿತಿಯನ್ನು ಬದಲಿಸಿದ್ದು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ. ನಮೂನೆ 7ರಲ್ಲಿ ಅರ್ಜಿ ಕೊಟ್ಟ ಗೇಣಿದಾರರು ಭೂನ್ಯಾಯಮಂಡಳಿಯ ಮುಂದೆ ತಾವು ಯಾರಿಂದ, ಎಂದಿನಿಂದ ಉಳುತ್ತಿದ್ದೇವೆಂದು ಹೇಳಿಕೆ ನೀಡಬೇಕಾಯಿತು. ನೆರೆಹೊರೆಯವರು ಸಾಕ್ಷಿ ನುಡಿದರು. ಆ ಕಡತಗಳನ್ನು ಭೂಮಿಯ ತಕರಾರಿಗಾಗಿ ಮಾತ್ರ ತೆರೆಯುವುದು ರೂಢಿ. ವಂಶಾವಳಿ ಹುಡುಕುವವರಿಗೂ ಅವು ಬೆಲೆಬಾಳುವಂಥವು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಎಷ್ಟೋ ಕುಟುಂಬಗಳ ಮಟ್ಟಿಗೆ ಅಜ್ಜನ ಹೆಸರು ಸರ್ಕಾರಿ ಕಾಗದದಲ್ಲಿ ಮೊದಲ ಬಾರಿಗೆ ಬರೆಯಲ್ಪಟ್ಟಿರುವ ಸಾಧ್ಯತೆ ಇರುವುದು ಅಲ್ಲಿಯೇ.