ಪರದೆಯಾಚೆಯ ಸುದ್ದಿಮನೆ

ಪತ್ರಿಕೆಯ ಡೆಸ್ಕಿನಲ್ಲಿ ಬಹುಕಾಲ ದುಡಿದು ಆಮೇಲೆ ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಬೋಧಿಸಲು ಬಂದ ನನಗೆ, 2020ರ ಮಾರ್ಚ್‌ನ ಲಾಕ್‌ಡೌನ್‌ನಿಂದಾಗಿ ಪಾಠಗಳೆಲ್ಲ ಆನ್‌ಲೈನ್ ಆದಾಗ ಸಹೋದ್ಯೋಗಿಗಳಿಗಾದಷ್ಟು ಗಾಬರಿ ಆಗಲಿಲ್ಲ. ನಮ್ಮ ವೃತ್ತಿ ಮೊದಲಿನಿಂದಲೂ ದೂರದಿಂದಲೇ ಕಲಿಸುತ್ತ ಬಂದಿದೆ. ತಾಲ್ಲೂಕು ಕೇಂದ್ರದ ಅರೆಕಾಲಿಕ ವರದಿಗಾರ ಬಸ್ಸಿನಲ್ಲಿ ಲಕೋಟೆ ಕಳಿಸುತ್ತಿದ್ದ, ಆಮೇಲೆ ಫ್ಯಾಕ್ಸ್, ಅದಾದ ಮೇಲೆ ಇಮೇಲ್. ಅವನ ಮುಖವನ್ನೇ ಕಂಡಿರದ ಉಪಸಂಪಾದಕ ಅದನ್ನು ತಿದ್ದುತ್ತಿದ್ದ. ಅಚ್ಚಾದದ್ದನ್ನು ತಾನು ಬರೆದದ್ದರ ಪಕ್ಕದಲ್ಲಿಟ್ಟು ನೋಡಿ ವರದಿಗಾರ ಕಲಿಯುತ್ತಿದ್ದ.

ಆದರೆ ಕಾಲೇಜುಗಳು ಆನ್‌ಲೈನ್‌ಗೆ ಒಯ್ದದ್ದು ಈ ಬಗೆಯ ಕಲಿಕೆಯನ್ನಲ್ಲ, ಉಪನ್ಯಾಸವನ್ನು. ಕ್ಯಾಮೆರಾ ಆಫ್ ಮಾಡಿಕೊಂಡ ವಿದ್ಯಾರ್ಥಿಗಳ ಮುಂದೆ ಒಂದು ಗಂಟೆ ಮಾತಾಡಿದರೆ ಯಾರಿಗೆ ಅರ್ಥವಾಯಿತು, ಯಾರು ಎದ್ದು ಹೋದರು ಎಂಬುದು ತಿಳಿಯುವುದಿಲ್ಲ. ನೆಟ್‌ವರ್ಕ್, ಡೇಟಾ, ಮನೆಗೊಂದೇ ಫೋನ್ ಎಂಬ ತೊಡಕುಗಳ ಬಗ್ಗೆ ಆಗಲೇ ಸಾಕಷ್ಟು ಚರ್ಚೆಯಾಗಿದೆ.

ಆನ್‌ಲೈನ್ ತರಗತಿ ನಿಜವಾಗಿ ಫಲ ಕೊಡುವುದು ತಿದ್ದುವ ಕೆಲಸದಲ್ಲಿ. ಗ್ರಾಮಸಭೆಯ ವರದಿಯೊಂದನ್ನು ಗೂಗಲ್ ಡಾಕ್ಸ್‌ನಲ್ಲಿ ಎಲ್ಲರ ಕಣ್ಣೆದುರು ತೆರೆದರೆ, ಅಧ್ಯಕ್ಷತೆ ಯಾರದು, ಸ್ವಾಗತಿಸಿದವರು ಯಾರು, ದೀಪ ಬೆಳಗಿದವರು ಯಾರು ಎಂಬ ವಿವರಗಳಿಂದಲೇ ಅದು ಶುರುವಾಗಿರುತ್ತದೆ. ಉದ್ಯೋಗ ಖಾತ್ರಿ ಯೋಜನೆಯಾದ ನರೇಗಾದ ಕೂಲಿ ಬಂದಿಲ್ಲವೆಂದು ಹೆಂಗಸರು ಎದ್ದು ನಿಂತು ಕೇಳಿದ ಸಂಗತಿ ಐದನೆಯ ಪ್ಯಾರಾದಲ್ಲಿ ಅಡಗಿರುತ್ತದೆ. ಆ ಸಾಲು ಮೇಲೇರುವುದನ್ನು, ‘ಸಭೆಯಲ್ಲಿ ಚರ್ಚಿಸಲಾಯಿತು’ ಎಂಬ ವಾಕ್ಯಕ್ಕೆ ‘ಕೇಳಿದವರು ಯಾರು, ಉತ್ತರಿಸಿದವರು ಯಾರು?’ ಎಂಬ ಟಿಪ್ಪಣಿ ಅಂಟಿಕೊಳ್ಳುವುದನ್ನು ಇಡೀ ತರಗತಿ ನೋಡುತ್ತದೆ. ಕಪ್ಪುಹಲಗೆಯ ಮೇಲೆ ಇದು ಸಾಧ್ಯವಿಲ್ಲ. ಸುದ್ದಿಮನೆಯಲ್ಲೂ ಒಬ್ಬನ ತಪ್ಪು ಅವನಿಗೂ ಉಪಸಂಪಾದಕನಿಗೂ ಮಾತ್ರ ಗೊತ್ತಾಗುತ್ತಿತ್ತು. ಎಲ್ಲರೆದುರು ತಿದ್ದುವಾಗ ಬರೆದವರ ಹೆಸರನ್ನು ಮರೆಮಾಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನ ವಾರ ಅಂಜುಬುರುಕ ಬರವಣಿಗೆಯಷ್ಟೇ ಬರುತ್ತದೆ.

ಇನ್ನೊಂದು ಲಾಭವನ್ನು ಯಾರೂ ನಿರೀಕ್ಷಿಸಿರಲಿಲ್ಲ. ನಗರದ ಹಾಸ್ಟೆಲಿನಿಂದ ಊರಿಗೆ ಮರಳಿದ ವಿದ್ಯಾರ್ಥಿ, ತನಗೇ ತಿಳಿಯದಂತೆ, ವರದಿಗಾರಿಕೆಗೆ ತಕ್ಕ ಜಾಗಕ್ಕೇ ಬಂದಿದ್ದ. ನರೇಗಾದ ಹಾಜರಿ ಪಟ್ಟಿ, ಕೂಲಿ ಪಾವತಿಯ ವಿವರ ಎಲ್ಲವೂ ಸರ್ಕಾರಿ ಜಾಲತಾಣದಲ್ಲಿ ಸಿಗುತ್ತವೆ. ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು, ಎಂದರೆ ಊರವರೇ ಮಾಡುವ ತಪಾಸಣೆಯನ್ನು, ಗ್ರಾಮಸಭೆಯೇ ನಡೆಸಬೇಕೆಂದು ಆಗಿನ ನರೇಗಾ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತಿತ್ತು. ಉಳಿದ ಕಡತಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು. ಪಟ್ಟಿಯಲ್ಲಿರುವ ಹೆಸರಿನವರು ನಿಜವಾಗಿ ಕೆಲಸಕ್ಕೆ ಹೋಗಿದ್ದರೇ ಎಂದು ಪಕ್ಕದ ಬೀದಿಯಲ್ಲಿ ವಿಚಾರಿಸಬಲ್ಲವನಿಗೆ ಬೆಂಗಳೂರಿನ ಯಾವ ವರದಿಗಾರನಿಗೂ ಇಲ್ಲದ ಅನುಕೂಲವಿದೆ.

ಪರದೆಯ ಮೇಲೆ ಕಲಿಸಲಾಗದ್ದೂ ಇದೆ, ಅದು ಸಂದರ್ಶನ. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದು, ಅಧಿಕಾರಿ ಮಾತು ತೇಲಿಸಿದಾಗ ಮತ್ತೆ ಅದೇ ಪ್ರಶ್ನೆಗೆ ಬರುವುದು, ಬರೆದುಕೊಳ್ಳುತ್ತಲೇ ಎದುರಿನವರ ಮುಖ ಗಮನಿಸುವುದು, ಇವುಗಳಿಗೆ ಒಂದೇ ಕೋಣೆಯಲ್ಲಿ ಕೂರಲೇಬೇಕು. ವಿಡಿಯೊ ಕರೆಯಲ್ಲಿ ಮೌನ ಬಿದ್ದರೆ ‘ಸರ್, ಕೇಳಿಸ್ತಿದೆಯಾ?’ ಎಂಬ ದನಿ ಬರುತ್ತದೆಯೇ ಹೊರತು ಉತ್ತರವಲ್ಲ.

ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆಯ ಮೂಲಕ ಕಲಿಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2021ರಲ್ಲಿ ಅವಕಾಶ ಕೊಟ್ಟಿತು. ಅಂಥ ಅವಕಾಶ ಸಿಕ್ಕಾಗ ಮೊದಲು ಆನ್‌ಲೈನ್‌ಗೆ ಹೋಗುವುದು ಕನ್ನಡದ ಮೊದಲ ಪತ್ರಿಕೆಯಾದ 1843ರ ‘ಮಂಗಳೂರ ಸಮಾಚಾರ’ದಿಂದ ಆರಂಭವಾಗುವ ಪತ್ರಿಕಾ ಇತಿಹಾಸದಂಥ ವಿಷಯಗಳು, ಏಕೆಂದರೆ ಅವುಗಳನ್ನು ಧ್ವನಿಮುದ್ರಿಸಿಡುವುದು ಸುಲಭ. ಪಠ್ಯಕ್ರಮ ಸಮಿತಿಗೆ ನನ್ನ ಸಲಹೆ ಇದಕ್ಕೆ ವ್ಯತಿರಿಕ್ತ. ಸುದ್ದಿ ತಿದ್ದುವುದನ್ನು ಕಲಿಸುವ ಸಂಪಾದನೆಯ ಕೋರ್ಸನ್ನು ಸಣ್ಣ ತಂಡಗಳಲ್ಲಿ, ವಾರಕ್ಕೊಂದು ವರದಿಯ ಲೆಕ್ಕದಲ್ಲಿ ಆನ್‌ಲೈನ್‌ಗೆ ಕೊಡಿ. ಇತಿಹಾಸದ ಪಾಠವನ್ನು, ವಾದಕ್ಕೂ ಜಗಳಕ್ಕೂ ಎಡೆಯಿರುವ ತರಗತಿಯಲ್ಲೇ ಉಳಿಸಿಕೊಳ್ಳಿ. ಆದರೆ ಸಂಪಾದನೆ ಕಲಿಸುವವರ ಬೋಧನಾ ಅವಧಿಯಲ್ಲಿ ತಿದ್ದುವ ಗಂಟೆಗಳನ್ನೂ ಸೇರಿಸದಿದ್ದರೆ ಇದು ನಡೆಯುವ ಮಾತಲ್ಲ.