ಕೆಮ್ಮಬೇಡಿ ಅನ್ನಬೇಡಿ

ಶ್ವಾಸಕೋಶದ ಆಪರೇಷನ್ ಆದವರನ್ನು ನೋಡಲು ದಾವಣಗೆರೆಯ ಯಾವ ಆಸ್ಪತ್ರೆಗೆ ಹೋಗಿ, ಬಂದ ನೆಂಟರ ಬಾಯಲ್ಲಿ ಒಂದೇ ಮಾತು: "ಸುಮ್ನೆ ಮಕ್ಕೊಳ್ರಿ, ಕೆಮ್ಮಬ್ಯಾಡ್ರಿ, ಹೊಲಿಗೆ ಬಿಚ್ಚೀತು." ಪ್ರೀತಿಯ ಮಾತೇ. ಆದರೆ ರೋಗಿ ಇದನ್ನು ಪಾಲಿಸಿದರೆ ಕಷ್ಟ.

ಆಪರೇಷನ್ ಹೊತ್ತಿನಲ್ಲಿ ಸಾಮಾನ್ಯವಾಗಿ ಒಂದು ಕಡೆಯ ಶ್ವಾಸಕೋಶದ ಗಾಳಿ ತೆಗೆದು ಕುಗ್ಗಿಸಿರುತ್ತಾರೆ. ಎಚ್ಚರವಾದ ಮೇಲೆ ನೋವು. ನೋವಿಗೆ ಹೆದರಿ ಆಳವಾಗಿ ಉಸಿರೆಳೆಯದೆ ಮಲಗಿದರೆ ಕೆಳಭಾಗದ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ, ಕಫ ನಿಲ್ಲುತ್ತದೆ, ನ್ಯುಮೋನಿಯಾಗೆ ದಾರಿಯಾಗುತ್ತದೆ. ಅದಕ್ಕೇ ಕೆಮ್ಮಬೇಕು. ಗಾಯದ ಮೇಲೆ ದಿಂಬು ಒತ್ತಿ ಹಿಡಿದು ಕೆಮ್ಮಿದರೆ ನೋವು ಕಡಿಮೆ. ನೋವಿನ ಮಾತ್ರೆ ಬೇಡ ಅನ್ನುವ ಗಟ್ಟಿತನ ಇಲ್ಲಿ ಕೆಲಸಕ್ಕೆ ಬಾರದು.

ತಯಾರಿ ಮನೆಯಲ್ಲೇ ಶುರು. ಬೀಡಿ, ಸಿಗರೇಟು ಕನಿಷ್ಠ 4 ವಾರ ಮೊದಲೇ ಬಿಡಬೇಕು. ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ಸಣ್ಣ ರೋಮಗಳು ಹೊಗೆಯಿಂದ ಸೋತಿರುತ್ತವೆ; ಚೇತರಿಸಿಕೊಳ್ಳಲು ಅವಕ್ಕೂ ಟೈಮ್ ಬೇಕಲ್ವಾ? ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು ಆ ಹೊಗೆಯಿಂದಲೂ ದೂರ ಇರಬೇಕು.

ಮೂರು ಬಾಲಿನ ಸ್ಪೈರೋಮೀಟರ್ (ಉಸಿರಿನ ವ್ಯಾಯಾಮದ ಸಾಧನ) ಈಗಲೇ ತಂದು ರೂಢಿ ಮಾಡಿಕೊಳ್ಳಿ. ಅದರ ಮೇಲೆ 600, 900, 1200 ಅಂತ ಬರೆದಿರುತ್ತದೆ. ಸೆಕೆಂಡಿಗೆ ಅಷ್ಟು ಮಿಲಿಲೀಟರ್ ವೇಗದಲ್ಲಿ ಗಾಳಿ ಎಳೆದರೆ ಆ ಬಾಲು ಮೇಲೇಳುತ್ತದೆ. ತುಂಬಾ ಜನ ಪೀಪಿ ಊದಿದ ಹಾಗೆ ಊದುತ್ತಾರೆ. ಊದುವುದಲ್ಲ, ಒಳಗೆಳೆಯುವುದು. ಮೂರನೇ ಬಾಲು ಏಳಲಿಲ್ಲ ಅಂತ ಬೇಜಾರು ಬೇಡ, ಒಂದನ್ನೇ ನಿಧಾನವಾಗಿ ಎತ್ತಿ ಹಿಡಿದರೂ ಒಳ್ಳೆಯದೇ.

ಆಪರೇಷನ್ ಆದ ಮೇಲೆ ಎಲ್ಲರ ಕಣ್ಣು ಹಾಸಿಗೆ ಕೆಳಗಿನ ಬಾಟಲಿ ಮೇಲೆ. ಪಕ್ಕೆಲುಬಿನ ನಡುವಿಂದ ಬಂದ ಪೈಪಿನ ತುದಿ ಅದರ ನೀರಿನಲ್ಲಿ ಸುಮಾರು 2 ಸೆಂಟಿಮೀಟರ್ ಮುಳುಗಿರುತ್ತದೆ. ಎದೆಗೂಡಿನ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಹೊರಗಿನ ಗಾಳಿ ನೀರು ದಾಟಿ ಒಳಗೆ ಹೋಗಲಾರದು. ಉಸಿರಾಡಿದಂತೆ ಪೈಪಿನ ನೀರು ಏರಿಳಿಯುವುದು ಸಹಜ. ಬಾಟಲಿ ಎದೆಗಿಂತ ಕೆಳಗೇ ಇರಬೇಕು. ಸ್ಕ್ಯಾನಿಂಗಿಗೆ ಕರೆದೊಯ್ಯುವಾಗ ಯಾರೋ ಅದನ್ನೆತ್ತಿ ರೋಗಿಯ ಹೊಟ್ಟೆ ಮೇಲಿಟ್ಟರೆ ನೀರು ಒಳಕ್ಕೆ ಹರಿಯಬಹುದು.

ಡಾಕ್ಟರು ಬೇಡ ಅನ್ನದಿದ್ದರೆ ಮರುದಿನವೇ ಬಾಟಲಿ ಹಿಡಿದು ನಾಲ್ಕು ಹೆಜ್ಜೆ ನಡೆಸುತ್ತಾರೆ. ಶ್ವಾಸಕೋಶದಲ್ಲಿ ಬಲಗಡೆ ಮೂರು, ಎಡಗಡೆ ಎರಡು ಹಾಲೆಗಳು, ಅಂದರೆ ಭಾಗಗಳಿವೆ. ಒಂದನ್ನು ತೆಗೆದರೆ ಉಳಿದವು ಹಿಗ್ಗಿ ಜಾಗ ತುಂಬಿಕೊಳ್ಳುತ್ತವೆ, ಅದಕ್ಕೂ ಆಳವಾದ ಉಸಿರು ಬೇಕು. ಮನೆಗೆ ಬಂದ ಮೇಲೆ ಅಂಗಳ, ಆಮೇಲೆ ಬೀದಿ, ತಾಕತ್ತು ಬಂದಾಗ ಕುಂದುವಾಡ ಕೆರೆ ಏರಿ. ಆಪರೇಷನ್ ಆದ ಕಡೆಯ ತೋಳನ್ನು ದಿನಾ ಎತ್ತಿ ಇಳಿಸದಿದ್ದರೆ ಭುಜ ಹಿಡಿದುಕೊಳ್ಳುತ್ತದೆ. ಬೆಣ್ಣೆ ದೋಸೆ ತಿನ್ನಬಹುದಾ? ತಿನ್ನಿ, ಆದರೆ ಗಾಯ ಮಾಯಲು ಕಾಳು, ಮೊಟ್ಟೆ, ಹಾಲೂ ಬೇಕು.

ಜ್ವರ, ಇದ್ದಕ್ಕಿದ್ದಂತೆ ದಮ್ಮು, ಕಫದಲ್ಲಿ ರಕ್ತ, ಒಂದೇ ಮೀನಖಂಡದಲ್ಲಿ ಬಾವು: ಇವು ಕಂಡರೆ ಮುಂದಿನ ತಪಾಸಣೆ ದಿನಕ್ಕೆ ಕಾಯಬೇಡಿ, ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೋಗಿ.