ನಿಂತ ಹಡಗಿನ ಹೊಗೆ

ಮುಂಬೈಯ ಭಾವುಚಾ ಧಕ್ಕಾದಲ್ಲಿ ಲಾಂಚಿಗೆ ಕಾಯುತ್ತಿದ್ದೆವು. ಕುಂದಾಪುರದಿಂದ ಬಂದಿದ್ದ ಅಕ್ಕನ ಮಗ ದೂರದ ಹಡಗೊಂದನ್ನು ತೋರಿಸಿ, "ಮಾವ, ಅದನ್ನ ಕಟ್ಟಿ ಹಾಕಿದ್ದಾರೆ ಅಲ್ವಾ, ಮತ್ತೆ ಹೊಗೆ ಯಾಕೆ?" ಅಂದ.

ಎಂಜಿನ್ ರೂಮಿನಲ್ಲಿ ವರ್ಷಗಟ್ಟಲೆ ದುಡಿದವನು ನಾನು. ಈ ಪ್ರಶ್ನೆಯನ್ನು ಎಲ್ಲರೂ ಕೇಳಬೇಕು ಅನ್ನಿಸಿತು. ಮನುಷ್ಯರು ಬಿಡುವ, ಭೂಮಿಯನ್ನು ಬಿಸಿ ಮಾಡುವ ಹಸಿರುಮನೆ ಅನಿಲದಲ್ಲಿ ಸುಮಾರು ಶೇ 3ರಷ್ಟು ಹಡಗುಗಳದ್ದು. ಅದರಲ್ಲಿ ಒಂದು ಪಾಲು ಹೊರಡುವುದು ಹೀಗೆ, ಊರಿನ ಮಗ್ಗುಲಲ್ಲೇ.

ದಡ ಸೇರಿದ ಮೇಲೆ ದೊಡ್ಡ ಎಂಜಿನ್ ಆರುತ್ತದೆ. ಜನರೇಟರ್ ಆರಿಸುವಂತಿಲ್ಲ. ದೀಪ ಉರಿಯಬೇಕು, ಅನ್ನ ಬೇಯಬೇಕು, ಪಂಪ್ ಓಡಬೇಕು, ಮೀನು ತುಂಬಿದ ಕಂಟೇನರ್ ತಣ್ಣಗಿರಬೇಕು. ಪಕ್ಕದಲ್ಲಿ ನಿಂತರೆ ಕಾಲಡಿಯ ಕಬ್ಬಿಣ ನಡುಗುತ್ತದೆ, ಮಾತಾಡಬೇಕೆಂದರೆ ಕೈಸನ್ನೆಯೇ ಗತಿ. ಹಗಲೂ ರಾತ್ರಿ ಎಣ್ಣೆ ಉರಿಯುತ್ತಲೇ ಇರುತ್ತದೆ. 2020ರಿಂದ ಹಡಗಿನ ಎಣ್ಣೆಯಲ್ಲಿ ಗಂಧಕದ ಮಿತಿ ಶೇ 3.5ರಿಂದ 0.5ಕ್ಕೆ ಇಳಿಯಿತು. ಉಸಿರಿಗೆ ಒಳ್ಳೆಯದಾಯಿತು, ಇಂಗಾಲ ಮಾತ್ರ ಕಡಿಮೆಯಾಗಲಿಲ್ಲ.

ಆ ಇಂಗಾಲದಿಂದ ಭೂಮಿ ಬಿಸಿಯಾಗಿ ಕಡಲು ಏರುತ್ತದೆ, ಬಂದರು ಎದ್ದು ಬೇರೆಡೆ ಹೋಗಲಾರದು. ಇಲ್ಲಿನ ಇಂದಿರಾ ಡಾಕ್ ಶುರುವಾದದ್ದು 1914ರಲ್ಲಿ. ಕಳೆದ ಶತಮಾನದ ಆರಂಭದಿಂದ ಈಚೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. ಭರತದ ಹೊತ್ತಿಗೆ ಜೋರು ಮಳೆ ಹೊಯ್ದರೆ ಮುಂಬೈಯ ಚರಂಡಿ ನೀರು ಕಡಲಿಗೆ ಇಳಿಯಲಾಗದೆ ನಿಲ್ಲುತ್ತದೆ. ಕಡಲು ಏರಿದಷ್ಟೂ ಆ ಕಷ್ಟ ಜಾಸ್ತಿ.

"ದಡದಿಂದಲೇ ಕರೆಂಟು ಕೊಡಬಹುದಲ್ಲ?" ಹುಡುಗ ಬಿಡಲಿಲ್ಲ. ಕೊಡಬಹುದು, ಕೊಡಲೇಬೇಕು. ಆದರೆ ಸುಮ್ನೆ ಕೇಬಲ್ ಎಳೆದರೆ ಆಗದು. ದೂರ ಹೋಗುವ ಹೆಚ್ಚಿನ ಹಡಗುಗಳ ಕರೆಂಟು 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಆವರ್ತ, ನಮ್ಮದು 50. ಹಾಗೇ ಕೊಟ್ಟರೆ ಪಂಪ್, ಫ್ಯಾನ್ ಎಲ್ಲ ನಿಧಾನವಾಗುತ್ತವೆ, ಮೋಟಾರ್ ಬಿಸಿಯಾಗುತ್ತದೆ. ನಡುವೆ 50ನ್ನು 60 ಮಾಡುವ ಕನ್ವರ್ಟರ್ ಬೇಕು, ಅದಕ್ಕೆ ಖರ್ಚು ದೊಡ್ಡದು. ಹಡಗಿನಲ್ಲೂ ಅದಕ್ಕೆ ತಕ್ಕ ಸಾಕೆಟ್ ಇರಬೇಕು.

ಇನ್ನೊಂದು ಮಾತು. ಮಹಾರಾಷ್ಟ್ರದ ಕರೆಂಟು ಬಹುಪಾಲು ಕಲ್ಲಿದ್ದಲಿನದು. ಅದನ್ನೇ ಕೊಟ್ಟರೆ ಮುಂಬೈಯ ಹೊಗೆ, ಕಲ್ಲಿದ್ದಲು ಉರಿಸಿ ಕರೆಂಟು ಮಾಡುವ ಚಂದ್ರಪುರದವರ ಪಾಲಾಗುತ್ತದೆ. ಅಲ್ಲಿಯೂ ಮಕ್ಕಳಿದ್ದಾರೆ. ಹಾಗಾಗಿ ಬಿಸಿಲು, ಗಾಳಿಯ ಕರೆಂಟೂ ಜೊತೆಗೇ ಬರಬೇಕು. ಬಂದರುಗಳನ್ನು ಹಸಿರಾಗಿಸಲು ಕೇಂದ್ರ ಸರ್ಕಾರ 2023ರಲ್ಲಿ ತಂದ ಹರಿತ್ ಸಾಗರ್ ಮಾರ್ಗಸೂಚಿಯ ದಾರಿಯೂ ಇದೇ.

ನನ್ನನ್ನು ಕೇಳಿದರೆ ಟಗ್‌ಗಳಿಂದ, ಅಂದರೆ ದೊಡ್ಡ ಹಡಗನ್ನು ಎಳೆದು ತಳ್ಳಿ ದಡ ಸೇರಿಸುವ ಪುಟ್ಟ ಹಡಗುಗಳಿಂದ ಶುರುಮಾಡಿ. ಕೆಲಸ ಮುಗಿಸಿ ಅವು ಮರಳುವುದು ತಮ್ಮ ಬಂದರಿಗೇ. ಇಲ್ಲಿಯ ಬಹಳಷ್ಟು ಟಗ್‌ಗಳ ಕರೆಂಟು 50 ಹರ್ಟ್ಜೇ, ಅವುಗಳಿಗೆ ಆ ಕನ್ವರ್ಟರೂ ಬೇಡ.